ಕಾರ್ಖಾನೆ ಬಿಟ್ಟರೂ ಕೈಬಿಡದವರು

(ಸಿಡ್ನಿಯ ಕನ್ನಡಿಗರು ಏರ್ಪಡಿಸಿದ ಹಳೆಯ ರೋಟರಿ ಕಾರುಗಳ ಪ್ರದರ್ಶನದಲ್ಲಿ ಮಾಡಿದ ಉದ್ಘಾಟನಾ ಭಾಷಣ)



ವೇದಿಕೆಯ ಮೇಲಿರುವ ಗೆಳೆಯರೇ, ಬೆಳಗಿನ ಜಾವಕ್ಕೇ ಎದ್ದು ಗಾಡಿ ತೊಳೆದು, ಒರೆಸಿ, ಇಲ್ಲಿಯವರೆಗೆ ಓಡಿಸಿಕೊಂಡು ಬಂದಿರುವ ಮಾಲೀಕರೇ, ಅವರ ಮನೆಯವರೇ, ಮಕ್ಕಳೇ,

ಈ ಪ್ರದರ್ಶನ ಉದ್ಘಾಟಿಸಬೇಕೆಂದು ಸಂಘಟಕರು ಕರೆದಾಗ ನಾನು ಕೇಳಿದ್ದು ಒಂದೇ ಮಾತು: ಬಾನೆಟ್ ತೆರೆದಿಡುತ್ತೀರಾ? ತೆರೆದಿಡುತ್ತೇವೆ ಅಂದರು, ಬರುತ್ತೇನೆ ಅಂದೆ. ಹೊರಗೆ ಸಾಲಾಗಿ ನಿಂತಿರುವ ಆರ್‌ಎಕ್ಸ್-3, ಆರ್‌ಎಕ್ಸ್-7 ಗಾಡಿಗಳ ಮೈಕಟ್ಟು ಬಹಳ ಚೆಂದ. ಕಣ್ಣು ಬಿಟ್ಟಂತೆ ಮೇಲೇಳುವ ಆ ದೀಪಗಳನ್ನು ನೋಡಿ ಮಕ್ಕಳು ಆಗಲೇ ಕುಣಿಯುತ್ತಿದ್ದಾರೆ. ಆದರೆ ಈ ಗಾಡಿಗಳನ್ನು ಜಗತ್ತಿನ ಉಳಿದೆಲ್ಲ ಗಾಡಿಗಳಿಂದ ಬೇರೆ ಮಾಡುವುದು ಬಾನೆಟ್ ಕೆಳಗೆ ಕೂತಿರುವ ಆ ಪುಟ್ಟ ಎಂಜಿನ್.

ರೋಟರಿ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ನಮಗೆಲ್ಲ ಗೊತ್ತಿರುವ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಪ್ರತಿ ಸಲವೂ ತುದಿಗೆ ಹೋಗಿ ನಿಂತು ವಾಪಸ್ ಬರಬೇಕು. ರೋಟರಿಯಲ್ಲಿ ಆ ನಿಲ್ಲುವುದು, ಹಿಂದಿರುಗುವುದು ಇಲ್ಲ. ನಡು ಸ್ವಲ್ಪ ಒಳಸರಿದ ಮೊಟ್ಟೆಯಾಕಾರದ ಗೂಡಿನೊಳಗೆ ಮೂರು ಮೂಲೆಯ ರೋಟರ್ ಸುತ್ತುತ್ತಾ ಇರುತ್ತದೆ. ಅದರ ಮೂರು ಮುಖಗಳಲ್ಲಿ ಒಂದು ಗಾಳಿ-ಪೆಟ್ರೋಲ್ ಎಳೆದುಕೊಳ್ಳುವಾಗ ಇನ್ನೊಂದು ಒತ್ತುತ್ತಿರುತ್ತದೆ, ಮತ್ತೊಂದು ಸುಟ್ಟ ಹೊಗೆಯನ್ನು ಹೊರದೂಡುತ್ತಿರುತ್ತದೆ. ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ನಡುವಿನ ಶಾಫ್ಟ್ ಮೂರು ಸುತ್ತು ಬಂದಿರುತ್ತದೆ. ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ, ಕನೆಕ್ಟಿಂಗ್ ರಾಡ್ ಇಲ್ಲ. ಪೋರ್ಟುಗಳನ್ನು ತೆರೆಯುವುದೂ ಮುಚ್ಚುವುದೂ ರೋಟರೇ. ಇಂಥ ಎರಡು ರೋಟರುಗಳ, ಒಟ್ಟು 1308 ಸಿಸಿಯ 13ಬಿ ಎಂಜಿನ್ ಎರಡು ಟರ್ಬೊಗಳ ಜೊತೆ ಸೇರಿ 1991ರ ಆರ್‌ಎಕ್ಸ್-7ಗೆ 255 ಅಶ್ವಶಕ್ತಿ ಕೊಡುತ್ತಿತ್ತು. ಎಂಜಿನ್ ಚಿಕ್ಕದು, ಹಗುರ. ಹಾಗಾಗಿ ಅದನ್ನು ಮುಂದಿನ ಚಕ್ರಗಳಿಗಿಂತ ಹಿಂದಕ್ಕೆ ತಳ್ಳಿ ಕೂರಿಸಬಹುದು. ತಿರುವಿನಲ್ಲಿ ಈ ಗಾಡಿ ಅಷ್ಟು ಹಿಡಿತದಲ್ಲಿರುವುದಕ್ಕೆ ಮುಖ್ಯ ಕಾರಣ ಇದು.

ಇಷ್ಟೆಲ್ಲ ಗುಣಗಳಿದ್ದೂ ಜಗತ್ತು ಇದನ್ನೇಕೆ ಅಪ್ಪಿಕೊಳ್ಳಲಿಲ್ಲ? ಆ ಮೂರು ಮೂಲೆಗಳಿಂದಾಗಿ. ಪ್ರತಿ ಮೂಲೆಯಲ್ಲೂ ಕೆಲವೇ ಮಿಲಿಮೀಟರ್ ಅಗಲದ ಒಂದು ಪಟ್ಟಿ ಇರುತ್ತದೆ, ಅಪೆಕ್ಸ್ ಸೀಲ್. ಉರಿಯುವ ಅನಿಲವನ್ನು ಪಕ್ಕದ ಮುಖಕ್ಕೆ ಸೋರದಂತೆ ತಡೆಯುವುದು ಅದರ ಕೆಲಸ. ಎಂಜಿನ್ ಓಡುವಷ್ಟು ಹೊತ್ತೂ ಅದು ಗೂಡಿನ ಗೋಡೆಯನ್ನು ಉಜ್ಜುತ್ತಲೇ ಇರಬೇಕು. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಕಲ್ಪಿಸಿದ ಈ ಎಂಜಿನ್ 1957ರಲ್ಲಿ ಎನ್‌ಎಸ್‌ಯು ಕಂಪನಿಯಲ್ಲಿ ಮೊದಲ ಸಲ ಓಡಿತು. ದೊಡ್ಡ ದೊಡ್ಡ ಕಂಪನಿಗಳು ಲೈಸೆನ್ಸ್‌ಗೆ ಮುಗಿಬಿದ್ದವು. ಜನರಲ್ ಮೋಟರ್ಸ್ ಕೈಹಾಕಿ ಬಿಟ್ಟಿತು. ಮರ್ಸಿಡಿಸ್ ಪ್ರಯೋಗದ ಕಾರುಗಳನ್ನು ಕಟ್ಟಿ ಅಲ್ಲಿಗೇ ನಿಲ್ಲಿಸಿತು. ಎನ್‌ಎಸ್‌ಯುವಿನ ಆರ್‌ಒ 80 ಕಾರಿನ ಸೀಲುಗಳು ಬೇಗ ಸವೆದು, ವಾರಂಟಿಯಲ್ಲಿ ಎಂಜಿನ್ ಬದಲಿಸಿ ಬದಲಿಸಿ ಕಂಪನಿ ಬಸವಳಿಯಿತು. 1969ರಲ್ಲಿ ಅದು ಫೋಕ್ಸ್‌ವ್ಯಾಗನ್ ತೆಕ್ಕೆಗೆ ಹೋಯಿತು.

ಕೊನೆವರೆಗೆ ಹಟ ಹಿಡಿದದ್ದು ಹಿರೋಷಿಮಾದ ಟೊಯೊ ಕೋಗ್ಯೊ, ಇವತ್ತಿನ ಮಜ್ದಾ. ಅದರ ಹಿನ್ನೆಲೆಯನ್ನು ಈ ಸಭೆಯಲ್ಲಿ ಹೇಳದೆ ಇರಲಾರೆ. 1945ರ ಆಗಸ್ಟ್‌ನಲ್ಲಿ ಬಾಂಬು ಬಿದ್ದಾಗ ಊರಿನಾಚೆ ಇದ್ದ ಈ ಕಾರ್ಖಾನೆಗೆ ನಡುವಿನ ಹಿಜಿಯಾಮಾ ಗುಡ್ಡ ಮರೆಯಾಯಿತು. ನೆಲಸಮವಾದ ಊರಿನ ಆಡಳಿತ ಕಚೇರಿಗಳಿಗೆ ಆಮೇಲೆ ಕೆಲಕಾಲ ಜಾಗ ಕೊಟ್ಟದ್ದೂ ಇದೇ ಕಾರ್ಖಾನೆ. ಮೂರು ಚಕ್ರದ ಟ್ರಕ್ಕು ಮಾಡಿಕೊಂಡು ಅದು ಮತ್ತೆ ಎದ್ದುನಿಂತಿತು. 1960ರ ಹೊತ್ತಿಗೆ ಜಪಾನ್ ಸರ್ಕಾರ ಸಣ್ಣ ಕಾರು ಕಂಪನಿಗಳನ್ನೆಲ್ಲ ದೊಡ್ಡವುಗಳ ಜೊತೆ ಸೇರಿಸುವ ಯೋಚನೆಯಲ್ಲಿತ್ತು. ಬೇರೆ ಯಾರಲ್ಲೂ ಇಲ್ಲದ ವಿದ್ಯೆ ಒಂದು ನಮ್ಮ ಕೈಲಿದ್ದರೆ ಮಾತ್ರ ನಾವು ನಾವಾಗಿ ಉಳಿಯುತ್ತೇವೆ ಎಂದು ಅಧ್ಯಕ್ಷ ತ್ಸುನೇಜಿ ಮತ್ಸುದಾ ಎನ್‌ಎಸ್‌ಯು ಜೊತೆ ಒಪ್ಪಂದ ಮಾಡಿಕೊಂಡರು. ತಮ್ಮ ಊರು, ತಮ್ಮ ಜನರ ಅನ್ನ ಉಳಿಸಿಕೊಳ್ಳಲು ಹೊರಟವರ ಎಂಜಿನ್ ಇದು.

ಮೊದಲು ಕಟ್ಟಿದ ಎಂಜಿನ್ನುಗಳು ಹೊಗೆ ಕಾರಿದವು, ನಡುಗಿದವು. ಬಿಚ್ಚಿ ನೋಡಿದರೆ ಗೂಡಿನ ಗೋಡೆಯ ತುಂಬ ಸಾಲು ಸಾಲು ಗೀರು. ದೆವ್ವದ ಉಗುರಿನ ಗೀರು ಅಂತ ಅದನ್ನು ಕರೆದರು. 1963ರಲ್ಲಿ ಕೆನಿಚಿ ಯಾಮಾಮೊಟೊ ಎಂಬ ಎಂಜಿನಿಯರ್ ಕೈಕೆಳಗೆ 47 ಜನರ ವಿಭಾಗವೊಂದನ್ನು ಕಂಪನಿ ತೆರೆಯಿತು. ಸೀಲಿಗೆ ಅವರು ಏನೇನೋ ಲೋಹ, ಏನೇನೋ ಮೂಳೆ ಹಚ್ಚಿ ನೋಡಿದರು. ಸೀಲು ಗೋಡೆಯ ಮೇಲೆ ಜಾರುವ ಬದಲು ತನ್ನದೇ ಲಯದಲ್ಲಿ ಕುಣಿಯುತ್ತಿದೆ, ಗೀರು ಬೀಳುವುದು ಅದಕ್ಕೇ ಎಂದು ಕೊನೆಗೆ ಗೊತ್ತಾಯಿತು. ಇಂಗಾಲಕ್ಕೆ ಅಲ್ಯೂಮಿನಿಯಂ ಸೇರಿಸಿ ಮಾಡಿದ ಸೀಲು ಆ ಕಾಟ ತಪ್ಪಿಸಿತು. 1967ರ ಮೇ 30ರಂದು ಆ ಎಂಜಿನ್ನಿನ ಕಾಸ್ಮೊ ಸ್ಪೋರ್ಟ್ ಕಾರು ಮಾರುಕಟ್ಟೆಗೆ ಬಂತು. ಒಟ್ಟು ಕಟ್ಟಿದ್ದು 1,176 ಕಾರು ಮಾತ್ರ. ಯಾಮಾಮೊಟೊ ಮುಂದೆ ಅದೇ ಕಂಪನಿಯ ಅಧ್ಯಕ್ಷರೂ ಆದರು.

1973ರ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲ್ ಹೆಚ್ಚು ಕುಡಿಯುವ ಈ ಎಂಜಿನ್ ಕಂಪನಿಯನ್ನೇ ಮುಳುಗಿಸುವ ಹಾಗಿತ್ತು. ಅವರು ಬಿಡಲಿಲ್ಲ, ತಿದ್ದಿದರು. 1978ರಲ್ಲಿ ಆರ್‌ಎಕ್ಸ್-7 ಬಂತು. ಮೂರು ತಲೆಮಾರು ಸೇರಿ 8 ಲಕ್ಷಕ್ಕೂ ಹೆಚ್ಚು ಕಾರು ತಯಾರಾದವು. 1991ರ ಜೂನ್‌ನಲ್ಲಿ ನಾಲ್ಕು ರೋಟರಿನ 787ಬಿ ಲ್ ಮಾನ್ಸ್‌ನ 24 ಗಂಟೆಯ ರೇಸ್ ಗೆದ್ದಿತು. ಜಪಾನಿನ ಕಂಪನಿಯೊಂದು ಅಲ್ಲಿ ಗೆದ್ದದ್ದು ಅದೇ ಮೊದಲು. ಇಲ್ಲಿನವರಿಗೆ ನೆನಪಿರಬಹುದು: 1983ರಲ್ಲಿ ಅಲನ್ ಮೊಫಟ್ ಆರ್‌ಎಕ್ಸ್-7 ಓಡಿಸಿ ಆಸ್ಟ್ರೇಲಿಯಾದ ಟೂರಿಂಗ್ ಕಾರ್ ಚಾಂಪಿಯನ್ ಆದರು. 1992ರಿಂದ 1994ರವರೆಗೆ ಬಾಥರ್ಸ್ಟ್ 12 ಗಂಟೆಯ ರೇಸನ್ನು ಸತತವಾಗಿ ಗೆದ್ದದ್ದೂ ಆರ್‌ಎಕ್ಸ್-7. ಈ ದೇಶದಲ್ಲಿ ರೋಟರಿಯ ಹುಚ್ಚು ಹಿಡಿದ ಮನೆಗಳು ಇಷ್ಟೊಂದು ಇರುವುದಕ್ಕೆ ಬೇರೆ ಕಾರಣ ಬೇಕೆ?

2002ರಲ್ಲಿ ಆರ್‌ಎಕ್ಸ್-7 ನಿಂತಿತು. 2012ರಲ್ಲಿ ಆರ್‌ಎಕ್ಸ್-8 ಕೂಡ ನಿಂತಿತು. ಈಚೆಗೆ ಮಜ್ದಾ ಒಂಟಿ ರೋಟರಿನ ಎಂಜಿನ್ನನ್ನು ಎಂಎಕ್ಸ್-30 ಕಾರಿನಲ್ಲಿ ಬ್ಯಾಟರಿ ತುಂಬುವ ಜನರೇಟರ್ ಆಗಿ ಮತ್ತೆ ತಂದಿದೆ. ಸಂತೋಷ. ಆದರೆ ನಡುವಿನ ಆ ವರ್ಷಗಳಲ್ಲಿ ರೋಟರಿ ವಿದ್ಯೆ ಎಲ್ಲಿ ಉಸಿರಾಡಿತು? ಹಿರೋಷಿಮಾದ ಪ್ರಯೋಗಾಲಯದಲ್ಲಿ ಒಂದಿಷ್ಟು. ಉಳಿದದ್ದು ಮನೆಯ ಹಿಂದಿನ ಶೆಡ್ಡುಗಳಲ್ಲಿ: ಸಿಡ್ನಿಯಲ್ಲಿ, ಆಕ್ಲೆಂಡಿನಲ್ಲಿ, ಪೋರ್ಟೊ ರಿಕೊದಲ್ಲಿ, ಕ್ಯಾಲಿಫೋರ್ನಿಯಾದಲ್ಲಿ, ಟೋಕಿಯೊದ ಹೊರವಲಯದಲ್ಲಿ. ನಾನು ಇವತ್ತು ಹೇಳಬೇಕೆಂದು ಬಂದದ್ದು ಇದನ್ನೇ. ನೀವು ಹವ್ಯಾಸ ಅನ್ನುತ್ತಿರುವುದು ಒಂದು ವಿದ್ಯೆಯ ಪಾಲನೆ. ಒಂದು ಕಾರ್ಖಾನೆ ತಯಾರಿಕೆ ನಿಲ್ಲಿಸಿದ ಮೇಲೂ ಅದರ ಎಂಜಿನ್ನನ್ನು ಓಡುತ್ತಾ ಇಟ್ಟವರು ನೀವು.

ನಾನು ಬೆಂಗಳೂರಿನ ಪೀಣ್ಯದ ಮೆಷಿನ್ ಶಾಪಿನಲ್ಲಿ ಕೆಲಸ ಕಲಿತವನು. ಹಾಗಾಗಿ ಭಾಷಣಕ್ಕೆ ಮೊದಲು ಒಳಗಿನ ಮೇಜಿನ ಹತ್ತಿರ ಹೋಗಿ ನಿಂತೆ. ಅಲ್ಲಿ ಒಂದು 13ಬಿ ಬಿಚ್ಚಿಟ್ಟಿದ್ದಾರೆ. ಕಾಲೇಜು ಓದುವ ಹುಡುಗಿಯೊಬ್ಬಳು ರೋಟರಿನ ಮೂಲೆಯ ಚಿಕ್ಕ ಸೀಲುಗಳನ್ನು ಕೂರಿಸುತ್ತಿದ್ದಳು. ಕೆಳಗೆ ಕೂದಲೆಳೆಯಂಥ ಸ್ಪ್ರಿಂಗು, ಮೇಲೆ ಗುಂಡಿಯಂಥ ಸೀಲು. ಜೋಡಿಸುವಾಗ ಅವು ಉದುರಿಹೋಗದಂತೆ ಬೆರಳ ತುದಿಯಲ್ಲಿ ವ್ಯಾಸಲೀನ್ ಹಚ್ಚುತ್ತಿದ್ದಳು. ಕಾರ್ಖಾನೆಯ ಕೈಪಿಡಿಯಲ್ಲೂ ಹಾಗೇ ಇದೆ. ಎಂಜಿನ್ ಓಡತೊಡಗಿದ ಮೇಲೆ ಬಿಸಿಯಾಗಿ ಅದು ಕರಗಿಹೋಗುತ್ತದೆ. ಇವಳ ಪಕ್ಕದಲ್ಲಿ ಡಯಲ್ ಗೇಜ್ ಇತ್ತು. ಎಂಜಿನ್ ಪೂರ್ತಿ ಜೋಡಿಸಿದ ಮೇಲೆ ಶಾಫ್ಟು ಹಿಂದೆ ಮುಂದೆ ಆಡುವ ಜಾಗ 0.04ರಿಂದ 0.07 ಮಿಲಿಮೀಟರ್ ಒಳಗೆ ಬರಬೇಕು. ಬರದಿದ್ದರೆ ಮುಂದುಗಡೆ ಬಿಚ್ಚಿ, ಬೇರೆ ದಪ್ಪದ ಸ್ಪೇಸರ್ ಹಾಕಿ, ಮತ್ತೆ ಅಳೆಯಬೇಕು. ಇಷ್ಟು ನಾಜೂಕಾದ ಎಂಜಿನ್ನಿನ ಹಿಂಬದಿಯಲ್ಲಿ ಫ್ಲೈವೀಲಿನ ನಟ್ಟು ಮಾತ್ರ 54 ಮಿಲಿಮೀಟರಿನದು. ಸ್ಪ್ಯಾನರಿಗೆ ಉದ್ದ ಪೈಪು ಸಿಕ್ಕಿಸಿ ಮೈಭಾರ ಬಿಟ್ಟರೂ ಜಪ್ಪಯ್ಯ ಅನ್ನುವುದಿಲ್ಲ.

ಹಳೆಯದನ್ನು ಸರಿಪಡಿಸುವವರ ಕಷ್ಟ ಗೊತ್ತಿರುವವರಿಗೇ ಗೊತ್ತು. ಒಂದು ಸಲ ಎಂಜಿನ್ ಅತಿಯಾಗಿ ಕಾದರೆ ಸಾಕು, ನೀರಿನ ಸೀಲು ಸೋತು ಬಿಳಿಹೊಗೆ ಬರುತ್ತದೆ. ಗೂಡಿನ ಒಳಮೈಯ ಕ್ರೋಮ್ ಅಂಚಿನಲ್ಲಿ ಎದ್ದಿದ್ದರೆ ಅದನ್ನು ಮತ್ತೆ ಬಳಸಬೇಕೋ ಬೇಡವೋ ಎಂದು ಬೆಳಕಿಗೆ ಹಿಡಿದು ಹಿಡಿದು ನೋಡುತ್ತೀರಿ. ಕೊನೆಯ ತಲೆಮಾರಿನ ಆರ್‌ಎಕ್ಸ್-7ರ ಎರಡು ಟರ್ಬೊಗಳು ಒಂದಾದ ಮೇಲೊಂದು ಕೆಲಸಕ್ಕಿಳಿಯುವುದು ರಬ್ಬರಿನ ಸಣ್ಣ ವ್ಯಾಕ್ಯೂಮ್ ಕೊಳವೆಗಳ ಒಂದು ದೊಡ್ಡ ಸಿಕ್ಕಿನಿಂದ. ಅದರಲ್ಲಿ ಯಾವುದೋ ಒಂದು ಬಿರುಕುಬಿಟ್ಟರೂ ಗಾಡಿಗೆ ಪಿಕಪ್ ಇಲ್ಲ. ಆ ಒಂದನ್ನು ಹುಡುಕುವ ತಾಳ್ಮೆಗೆ ನಾನು ಕೈಮುಗಿಯುತ್ತೇನೆ. ಆರ್‌ಎಕ್ಸ್-7ರ ಕೆಲವು ಬಿಡಿಭಾಗಗಳನ್ನು ಮಜ್ದಾ ಮತ್ತೆ ತಯಾರಿಸಿ ಮಾರುತ್ತಿದೆ ಎಂದರೆ, ಅದಕ್ಕೆ ಕಾರಣ ನೀವು ಕೇಳುವುದನ್ನು ಬಿಡದೇ ಇದ್ದದ್ದು.

ಇನ್ನು ಬದಲಾವಣೆ ಮಾಡುವವರು. ಮೂಲರೂಪ ಕೆಡಿಸಿದರು ಎಂದು ಇವರನ್ನು ಬೈಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಈ ಎಂಜಿನ್ ಹುಟ್ಟಿದ್ದೇ ತಿದ್ದುತ್ತಾ ತಿದ್ದುತ್ತಾ. ಪೋರ್ಟಿನ ಅಂಚನ್ನು ಕೈಯಲ್ಲಿ ಗ್ರೈಂಡರ್ ಹಿಡಿದು ಹಿಗ್ಗಿಸುವವರು ಆ 47 ಜನರ ಕೆಲಸವನ್ನೇ ಮುಂದುವರಿಸುತ್ತಿದ್ದಾರೆ. ಮೂಲ ಪೋರ್ಟಿನ ಮೇಲೆ ಹುಬ್ಬಿನಾಕಾರದ ಇನ್ನೊಂದು ಕಿಂಡಿ ಕೊರೆದರೆ ಅದು ಬ್ರಿಡ್ಜ್ ಪೋರ್ಟ್. ಆಗ ಒಳಬರುವ ಮಿಶ್ರಣ, ಹೊರಹೋಗುವ ಹೊಗೆ ಎರಡೂ ಸ್ವಲ್ಪ ಹೊತ್ತು ಕೂಡಿಕೊಳ್ಳುತ್ತವೆ. ಎಂಜಿನ್ ನಿಧಾನಕ್ಕೆ ಓಡುವಾಗ ಕೆಲವು ಸಲ ಉರಿ ಹತ್ತುತ್ತದೆ, ಕೆಲವು ಸಲ ಇಲ್ಲ. ಹೊರಗೆ ಬ್ರ್ಯಾಪ್, ಬ್ರ್ಯಾಪ್ ಅಂತ ಕೇಳುತ್ತಿದೆಯಲ್ಲ, ಅದು ಇದೇ. ಆದರೆ ಟರ್ಬೊ ಒತ್ತಡ ಏರಿಸುವ ಹುಡುಗರಿಗೆ ಒಂದು ಮಾತು. ಪೆಟ್ರೋಲ್ ಸಾಲದೆ ಡಿಟೊನೇಷನ್ ಆದರೆ, ಅಂದರೆ ಮಿಶ್ರಣ ತಾನೇ ಸಿಡಿದರೆ, ಪಿಸ್ಟನ್ ಎಂಜಿನ್ನಿನ ಹಾಗೆ ಇದು ನಿಮಗೆ ಎಚ್ಚರಿಕೆ ಕೊಡುತ್ತಾ ಕೂರುವುದಿಲ್ಲ. ಸೀಲು ಮುರಿಯುತ್ತದೆ, ಗೂಡು ಗೀರಿಹೋಗುತ್ತದೆ, ಚೂರು ಟರ್ಬೊಗೂ ಹೋಗುತ್ತದೆ. ಮೊದಲು ರೇಡಿಯೇಟರು, ಆಯಿಲ್ ಕೂಲರು. ಒತ್ತಡದ ಮಾತು ಆಮೇಲೆ. ರೋಟರುಗಳ ಒಳಗನ್ನು ತಂಪು ಮಾಡುವುದು ಆಯಿಲ್ಲೇ ಎಂಬುದನ್ನು ಮರೆಯಬೇಡಿ. ರೋಟರಿ ಕಿತ್ತು ವಿ8 ಹಾಕಿದವರ ಜೊತೆಗೂ ನನಗೆ ಜಗಳವಿಲ್ಲ, ಗಾಡಿ ಅವರದು. ಕಿತ್ತ ಎಂಜಿನ್ ಮಾತ್ರ ಗುಜರಿಗೆ ಹೋಗಬಾರದು. ಅದು ಬೇಕಾದವರು ಇದೇ ಅಂಗಳದಲ್ಲಿದ್ದಾರೆ.

ನಮ್ಮ ಕಡೆಯವರಿಗೆ ಈ ಗಾಡಿಗಳ ಹತ್ತಿರ ನಿಂತರೆ ಒಂದು ಪರಿಚಿತ ವಾಸನೆ ಬರುತ್ತದೆ. ರೋಟರಿಯ ಸೀಲುಗಳಿಗೆ ಜಿಡ್ಡು ಬೇಕು, ಹಾಗಾಗಿ ಒಂದು ಪುಟ್ಟ ಪಂಪು ಒಂದಿಷ್ಟು ಎಂಜಿನ್ ಆಯಿಲನ್ನು ಒಳಗೆ ಬಿಡುತ್ತದೆ. ಅದು ಸುಟ್ಟು ಬೂದಿ ಉಳಿಸುತ್ತದೆಂದು ಅನೇಕರು ಆ ಪಂಪು ತೆಗೆದು, ಪೆಟ್ರೋಲಿಗೇ ಟೂ-ಸ್ಟ್ರೋಕ್ ಆಯಿಲ್ ಬೆರೆಸುತ್ತಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಓಡಿಸಿದವರು ಬಂಕಿನಲ್ಲಿ ಆಯಿಲ್ ಹಾಕಿಸಿ, ಬೈಕನ್ನು ಆಚೀಚೆ ಅಲ್ಲಾಡಿಸುತ್ತಿದ್ದರಲ್ಲ, ಅದೇ ಪದ್ಧತಿ. ಆ ಕಾರ್ಖಾನೆಯೂ 1996ರಲ್ಲಿ ಮುಚ್ಚಿತು. ಅದರ ಬೈಕುಗಳು ಇವತ್ತಿಗೂ ಓಡುತ್ತಿವೆ. ಓಡಿಸುತ್ತಿರುವವರು ನಿಮ್ಮಂಥವರೇ. ಇಲ್ಲಿ ನಿಂತಿರುವ ಎರಡು ಆರ್‌ಎಕ್ಸ್-7ರ ಮಾಲೀಕರು ಮೈಸೂರಿನಲ್ಲಿ ಯೆಜ್ಡಿ ಬಿಚ್ಚಿಯೇ ಸ್ಪ್ಯಾನರ್ ಹಿಡಿಯಲು ಕಲಿತವರು ಎಂದು ಕೇಳಿ ನನಗೆ ಬಹಳ ಖುಷಿಯಾಯಿತು.

ನಿಮ್ಮಲ್ಲಿ ನನ್ನದೊಂದು ಕೋರಿಕೆ ಇದೆ. ಮಾಡಿದ್ದನ್ನು ಬರೆದಿಡಿ. ಪೋರ್ಟ್ ಎಷ್ಟು ಹಿಗ್ಗಿಸಿದಿರಿ, ಯಾವ ಸೀಲು ಹಾಕಿದಿರಿ, ಎಷ್ಟು ಕಿಲೋಮೀಟರ್ ಬಾಳಿತು, ಏಕೆ ಹೋಯಿತು, ಎಲ್ಲ. ರೋಟರಿ ಕಟ್ಟುವ ಹಿರಿಯ ಕೈಗಳಿಗೆ ವಯಸ್ಸಾಗುತ್ತಿದೆ. ಅವರ ಅಂದಾಜು, ಅವರ ಕಿವಿ ಯಾವ ಕೈಪಿಡಿಯಲ್ಲೂ ಇಲ್ಲ. ನೋಟ್‌ಬುಕ್ಕು ಕನ್ನಡದಲ್ಲಿದ್ದರೂ ಸರಿ, ಇಂಗ್ಲಿಷಿನಲ್ಲಿದ್ದರೂ ಸರಿ. ತೆಗೆದ ಮೂಲ ಭಾಗಗಳಿಗೆ ಚೀಟಿ ಅಂಟಿಸಿ ಎತ್ತಿಡಿ. ನ್ಯೂ ಸೌತ್ ವೇಲ್ಸ್‌ನಲ್ಲಿ 30 ವರ್ಷ ದಾಟಿದ ಗಾಡಿಗಳನ್ನು ಲಾಗ್‌ಬುಕ್ಕಿನಲ್ಲಿ ಬರೆದು ವರ್ಷಕ್ಕೆ 60 ದಿನ ಓಡಿಸುವ ಅವಕಾಶ ಇದೆ, ಬದಲಾವಣೆ ಮಾಡಿದ ಗಾಡಿಗಳಿಗೂ ಬೇರೆ ಯೋಜನೆ ಇದೆ. ಅದನ್ನು ಸರಿಯಾಗಿ ಬಳಸಿಕೊಳ್ಳಿ. ರಾತ್ರಿ ಹೊತ್ತು ಮನೆಗಳಿರುವ ಬೀದಿಯಲ್ಲಿ ಎಂಜಿನ್ ರೇಸ್ ಮಾಡಿ ಆ ಅವಕಾಶಕ್ಕೆ ಕಲ್ಲು ಹಾಕಬೇಡಿ.

ಹನ್ನೊಂದು ಗಂಟೆಗೆ ಒಳಗಿನ ಮೇಜಿನಲ್ಲಿ ಎರಡನೇ ರೋಟರನ್ನು ಶಾಫ್ಟಿಗೆ ಇಳಿಸುತ್ತಾರೆ. ಮಕ್ಕಳು ಮುಂದೆ ನಿಂತುಕೊಳ್ಳಲಿ, ದೊಡ್ಡವರು ಜಾಗ ಬಿಡಿ. ಮಧ್ಯಾಹ್ನ ಮೂರಕ್ಕೆ ಅದೇ ಎಂಜಿನ್ನಿನ ಕಂಪ್ರೆಷನ್ ನೋಡುತ್ತಾರೆ. ಒಂದೊಂದು ರೋಟರಿಗೂ ಮೂರು ಮುಖ, ಮೂರಕ್ಕೂ ಬೇರೆ ಬೇರೆ ಅಂಕಿ ಬರುತ್ತದೆ. ಆ ಮೂರೂ ಹತ್ತಿರ ಹತ್ತಿರ ಇವೆಯೇ ನೋಡಿ. ಏನೇ ಸಂದೇಹ ಇದ್ದರೂ ಗಾಡಿ ತಂದವರನ್ನು ಕೇಳಿ, ಅವರು ಬಂದಿರುವುದೇ ಹೇಳುವುದಕ್ಕೆ. ಪ್ರದರ್ಶನ ಉದ್ಘಾಟನೆಯಾಗಿದೆ ಎಂದು ಸಂತೋಷದಿಂದ ಘೋಷಿಸುತ್ತೇನೆ. ಬನ್ನಿ, ಒಳಗೆ ಹೋಗೋಣ.