ಚಪ್ಪಲಿ ಹುಳದ ಮನೆ ಬಾಗಿಲಲ್ಲೇ ಉಳಿಯಿತು

ಇಯರ್‌ಫೋನ್ ಹಾಕ್ಕೊಂಡು ನಡೀತಾ ಕೇಳ್ತಿದ್ದೀರಾ? ಹಾಗಾದ್ರೆ ಒಂದು ಸಲ ನಿಮ್ಮ ಕಾಲು ನೋಡ್ಕೊಳ್ಳಿ. ಇವತ್ತಿನ ಮಾತು ಅದರದ್ದೇ.

ನಮ್ಮೂರು ಮೇಲೂರು, ಶಿಡ್ಲಘಟ್ಟ ತಾಲ್ಲೂಕು. ರೇಷ್ಮೆ, ದ್ರಾಕ್ಷಿ ಬೆಳೆಯೋ ಕೆಂಪು ನೆಲ. ಹೈಸ್ಕೂಲ್ ಮುಗಿಯೋವರೆಗೂ ನಾನು ಓಡಿದ್ದೆಲ್ಲ ಬರಿಗಾಲಲ್ಲೇ. ಆಮೇಲೆ ಬೆಂಗಳೂರು, ಕೆಲಸ, ದಪ್ಪ ಸೋಲಿನ ಶೂ, ಕಾಂಕ್ರೀಟ್ ರಸ್ತೆ. ಎರಡು ವರ್ಷಕ್ಕೆ ಮಂಡಿನೋವು ಬಂತು, ಓಟ ನಿಂತೇ ಹೋಯ್ತು.

ಹೋದ ಮಳೆಗಾಲದಲ್ಲಿ ಊರಿಗೆ ಬಂದಿದ್ದೆ. ಹುಳಕ್ಕೆ ಸೊಪ್ಪು ಹಾಕೋ ಕೆಲಸ. ಸೋಂಕು ಒಳಗೆ ಬರಬಾರದು ಅಂತ ಹುಳದ ಮನೆ ಬಾಗಿಲಲ್ಲೇ ಚಪ್ಪಲಿ ಬಿಡಬೇಕು, ನಮ್ಮ ಕಡೆಯವರಿಗೆ ಇದು ಗೊತ್ತು. ಕೆಲಸ ಮುಗಿಸಿ ಹೊರಗೆ ಬಂದವನು ಅದನ್ನ ಹಾಕ್ಕೊಳ್ಳದೆ ಹಾಗೇ ಕೆರೆ ಏರಿ ಕಡೆ ನಡೆದೆ. ರಾತ್ರಿ ಮಳೆ ಬಿದ್ದು ಮಣ್ಣು ತಣ್ಣಗಿತ್ತು. ಬೆರಳ ಸಂದಿಯಲ್ಲಿ ಕೆಸರು ಪಿಚಕ್ ಅಂತಿತ್ತು. ನಡಿಗೆ ಯಾವಾಗ ಓಟ ಆಯ್ತೋ ಗೊತ್ತಿಲ್ಲ. ಹಿಮ್ಮಡಿ ಊರಿದ್ರೆ ತಲೆವರೆಗೂ ಗುದ್ದು. ಅದಕ್ಕೇ ಹೆಜ್ಜೆ ತಾನಾಗೇ ಚಿಕ್ಕದಾಯ್ತು, ಹಗುರಾಯ್ತು. ಒಬ್ಬನೇ ನಗ್ತಾ ಓಡ್ತಿದ್ದೆ. ಯಾರಾದ್ರೂ ನೋಡಿದ್ರೆ ಹುಚ್ಚ ಅಂದ್ಕೊಳ್ಳೋರು.

ಇದಕ್ಕೊಂದು ವಿವರಣೆ ಇದೆ. ಹಾರ್ವರ್ಡ್‌ನ ಡೇನಿಯಲ್ ಲೀಬರ್ಮನ್ ಮತ್ತು ಜೊತೆಗಾರರು 2010ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದ ಪ್ರಕಾರ, ಬರಿಗಾಲಲ್ಲಿ ಓಡಿ ರೂಢಿಯಾದವರು ಹೆಚ್ಚಾಗಿ ಪಾದದ ಮುಂಭಾಗ ಊರ್ತಾರೆ. ಹಿಮ್ಮಡಿ ಊರುವವರಿಗೆ ಬೀಳೋ ಪೆಟ್ಟಿಗಿಂತ ಅವರಿಗೆ ಕಡಿಮೆ ಪೆಟ್ಟು. ಹಾಗಂತ ಮಂಡಿನೋವಿಗೆ ಇದೇ ಔಷಧಿ ಅಂತ ನಾನು ಹೇಳಲ್ಲ. ಮಾರನೇ ದಿನ ನನ್ನ ಮೀನಖಂಡ ಹಿಡ್ಕೊಂಡು ಮೆಟ್ಟಿಲು ಇಳಿಯೋಕಾಗ್ಲಿಲ್ಲ!

ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದಿದ್ದು ಬರಿಗಾಲಲ್ಲಿ, 2 ಗಂಟೆ 15 ನಿಮಿಷ 16 ಸೆಕೆಂಡಲ್ಲಿ. 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕ್ಕೊಂಡೂ ಗೆದ್ದ, ಅದನ್ನೂ ಹೇಳ್ಬೇಕು. ನಮ್ಮ ಕಂಬಳದ ಶ್ರೀನಿವಾಸ ಗೌಡರು 2020ರಲ್ಲಿ ಐಕಳದ ಕೆಸರುಗದ್ದೆಯಲ್ಲಿ ಕೋಣಗಳ ಹಿಂದೆ 142.5 ಮೀಟರನ್ನ 13.62 ಸೆಕೆಂಡಲ್ಲಿ ಓಡಿದ್ದು ನಿಮಗೆ ನೆನಪಿರುತ್ತೆ. ಅದೂ ಬರಿಗಾಲೇ.

ಆದ್ರೆ ನಮ್ಮಪ್ಪನ ವಿಷಯ ಬೇರೆ. ಜೀವನಪೂರ್ತಿ ಹಿಪ್ಪುನೇರಳೆ ತೋಟದಲ್ಲಿ ಬರಿಗಾಲಲ್ಲಿ ದುಡಿದ ಮನುಷ್ಯ. ಈಗ ಷುಗರ್, ಪಾದಕ್ಕೆ ಸ್ಪರ್ಶವೇ ಇಲ್ಲ. ಕಟಾವು ಮಾಡಿದ ಕಡ್ಡಿಯ ಚೂಪು ಚುಚ್ಚಿದ್ದೂ ಗೊತ್ತಾಗದೆ, ಮನೆ ನೆಲದ ಮೇಲೆ ರಕ್ತ ಕಂಡ ಮೇಲೇ ಗೊತ್ತಾಗಿದ್ದು. ಗಾಯ ಮಾಯೋಕೆ ತಿಂಗಳುಗಳೇ ಬೇಕಾಯ್ತು. ಈಗ ಮನೆಯೊಳಗೂ ಚಪ್ಪಲಿ. ನಿಮ್ಮ ಮನೇಲೂ ಷುಗರ್ ಇರೋರಿದ್ರೆ ಅವರನ್ನ ದಯವಿಟ್ಟು ಬರಿಗಾಲಲ್ಲಿ ಕರ್ಕೊಂಡು ಹೋಗ್ಬೇಡಿ. ಉಳಿದವರೂ ಮೊದಲು ನಡೀರಿ, ಆಮೇಲೆ ಸ್ವಲ್ಪ ಸ್ವಲ್ಪ ಓಡಿ. ಧನುರ್ವಾತದ ಇಂಜೆಕ್ಷನ್ ಆಗಿದೆಯಾ ನೋಡ್ಕೊಳ್ಳಿ.

ಊರಲ್ಲಿದ್ದಾಗ ಓಡಿ ಬಂದ ತಕ್ಷಣ ಅಪ್ಪ ಜಗಲಿ ಮೇಲಿಂದ ಕೇಳ್ತಾರೆ, "ಹೆಂಗೈತೋ ನೆಲ ಇವತ್ತು?"

"ಮೆತ್ತಗೈತೆ ಅಪ್ಪ, ಅಂಗಾಲು ಕಚಗುಳಿ ಇಟ್ಟಂಗಾಯ್ತು."

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳ್ತಾರೆ, "ತೂಬಿನ ಆಚೆ ನೆಗ್ಗಿಲು ಮುಳ್ಳು ಜಾಸ್ತಿ. ಅಲ್ಲಿ ಮಾತ್ರ ನೋಡ್ಕೊಂಡು ಓಡಪ್ಪ."