ಕೃಷ್ಣೆಯ ಮೀನು ಕಾವೇರಿಗೆ ಹೋದ ಕಥೆ



ಬಾದಾಮಿಯ ಎರಡನೇ ಗುಹೆಗೆ ಹೋದವರು ತ್ರಿವಿಕ್ರಮನನ್ನೂ ವರಾಹನನ್ನೂ ಕಣ್ತುಂಬ ನೋಡಿಕೊಂಡು ಹೊರಬೀಳುತ್ತಾರೆ. ಇನ್ನೊಮ್ಮೆ ಹೋದಾಗ ಕತ್ತೆತ್ತಿ ಮೇಲೆ ನೋಡಿ. ಅಲ್ಲೊಂದು ಚಕ್ರ ಕೆತ್ತಿದ್ದಾರೆ. ಅದರ ಅರೆಗಳೆಲ್ಲ ಮೀನುಗಳೇ, ಒಟ್ಟು 16. ಸಾವಿರದ ನಾನೂರು ವರ್ಷಗಳಷ್ಟು ಹಿಂದೆ ನಮ್ಮ ಮಲಪ್ರಭೆಯ ಸೀಮೆಯ ಕಲ್ಲುಕುಟಿಗ ದೇವರ ಮಂಟಪದಲ್ಲಿ ಮೀನಿಗೆ ಅಷ್ಟು ಜಾಗ ಕೊಟ್ಟಿದ್ದ.

ಮೀನನ್ನು ಕಲ್ಲಿನಿಂದ ಪುಸ್ತಕಕ್ಕೆ ಇಳಿಸಿದವನು ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ. ಭೂಲೋಕಮಲ್ಲ, ಸರ್ವಜ್ಞ ಚಕ್ರವರ್ತಿ ಎಂಬ ಬಿರುದುಗಳು ಅವನಿಗಿದ್ದವು. ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ಬರೆದ ಅವನ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಅಧ್ಯಾಯವಿದೆ. ಕಡಲಿನವು, ಹೊಳೆಯವು ಸೇರಿ 35 ಬಗೆಯ ಮೀನು ಅದರಲ್ಲಿ ಬರುತ್ತವೆ. ಯಾವುದಕ್ಕೆ ಹುರುಪೆ ಉಂಟು, ಯಾವುದಕ್ಕಿಲ್ಲ, ಯಾವುದು ಎಲ್ಲಿರುತ್ತದೆ, ಏನು ತಿನ್ನುತ್ತದೆ, ಗಾಳಕ್ಕೆ ಎಂಥ ಎರೆ ಹಾಕಬೇಕು, ಎಲ್ಲ ಇದೆ. ಸಿಂಹಾಸನದಲ್ಲಿ ಕೂತವನು ಹೊಳೆದಂಡೆಯ ವಿದ್ಯೆಯನ್ನು ಇಷ್ಟು ಶ್ರದ್ಧೆಯಿಂದ ಬರೆದಿಟ್ಟನಲ್ಲ ಎಂದು ನನಗೆ ಇವತ್ತಿಗೂ ಹೆಮ್ಮೆ. ಪ್ರಾಣಿಶಾಸ್ತ್ರ ಸರ್ವೇಕ್ಷಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ, ಮೀನುಗಳ ದೊಡ್ಡ ಪಂಡಿತರು, 1951ರಲ್ಲಿ ಈ ಅಧ್ಯಾಯವನ್ನು ವಿಜ್ಞಾನಿಯ ಕಣ್ಣಿಂದ ಓದಿ ಲೇಖನವನ್ನೇ ಬರೆದರು.

ಸೋಮೇಶ್ವರನ ನಂತರದ ಕೆಲವು ಶತಮಾನಗಳನ್ನು ದಾಟಿಬಿಡೋಣ. 1839ರಲ್ಲಿ ಕರ್ನಲ್ ಸೈಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಪುಣೆಯ ಮುಳಾ-ಮುಠಾ ಹೊಳೆಯ ಒಂದು ಮೀನಿಗೆ ‘ಖುದ್ರಿ’ ಎಂಬ ಶಾಸ್ತ್ರೀಯ ಹೆಸರಿಟ್ಟ. ಆ ಹೊಳೆ ಭೀಮೆಗೆ ಸೇರಿ, ಭೀಮೆ ಕೃಷ್ಣೆಗೆ ಸೇರುವುದರಿಂದ ಅದು ನಮ್ಮ ಕೊಳ್ಳದ ಮೀನು. ಮಹಸೀರ್ ಜಾತಿಯದು. ಶೃಂಗೇರಿಯಲ್ಲಿ, ಶಿಶಿಲದಲ್ಲಿ ಜನ ದೇವರ ಮೀನೆಂದು ಮಂಡಕ್ಕಿ ಹಾಕುತ್ತಾರಲ್ಲ, ಅದೇ ಬಳಗ. ತಣ್ಣೀರಿನ ಮೀನು ಎಂದೊಡನೆ ಕಾಶ್ಮೀರದ ಟ್ರೌಟ್ ನೆನಪಾಗುತ್ತದೆ. ಆದರೆ ಹಿಮಾಲಯದ ಬುಡದ ಭೀಮತಾಲದಲ್ಲಿರುವ ತಣ್ಣೀರು ಮೀನುಗಾರಿಕೆಯ ಕೇಂದ್ರ ಸಂಸ್ಥೆ ಮಹಸೀರನ್ನೂ ಅದೇ ಪಂಕ್ತಿಯಲ್ಲಿ ಕೂರಿಸಿದೆ. ಮಳೆಗಾಲದಲ್ಲಿ ಪ್ರವಾಹಕ್ಕೆ ಎದುರಾಗಿ ಏರಿ, ಹರಳುಕಲ್ಲಿನ ತಿಳಿನೀರಿನಲ್ಲಿ ತತ್ತಿ ಇಡುವ ಮೀನಿದು. ಕಾಟ್ಲಾ, ರೋಹುಗಳ ಹಾಗೆ ಲಕ್ಷಗಟ್ಟಲೆ ತತ್ತಿ ಇಡುವುದಿಲ್ಲ. ಅಡ್ಡ ಒಂದು ಅಣೆಕಟ್ಟು ಬಂತೆಂದರೆ ಅದರ ವಂಶಕ್ಕೇ ಸಂಕಟ.

ಆ ಸಂಕಟ ಕಂಡೇ 1970ರ ದಶಕದಲ್ಲಿ ಲೋಣಾವಳದ ಟಾಟಾ ವಿದ್ಯುತ್ ಕೆರೆಗಳ ಬಳಿ ಖುದ್ರಿಯ ಮರಿ ಮಾಡುವ ಕೆಲಸ ಶುರುವಾಯಿತು. ಡಾ. ಸಿ. ವಿ. ಕುಲಕರ್ಣಿ ಮುಂತಾದವರು ತಾಯಿಮೀನಿನ ಹೊಟ್ಟೆ ನೀವಿ ತತ್ತಿ ತೆಗೆದು, ಗಂಡಿನ ಹಾಲು ಬೆರೆಸಿ ಮರಿ ಎಬ್ಬಿಸಿದರು. ನಿಜಕ್ಕೂ ಪುಣ್ಯದ ಕೆಲಸ. ಮರಿಗಳು ಊರೂರಿಗೆ ಹೋದವು, ಕಾವೇರಿಗೂ ಹೋದವು.

ಆದರೆ ಕಾವೇರಿಯಲ್ಲಿ ಅದರದ್ದೇ ಆದ ಮಹಸೀರ್ ಇತ್ತು. ಬೆನ್ನು ಡುಬ್ಬ, ರೆಕ್ಕೆ ಕಿತ್ತಳೆ, ಭಾರಿ ಗಾತ್ರ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಎಳೆದದ್ದು 120 ಪೌಂಡ್, ಅಂದರೆ 54 ಕಿಲೋ ಮೀರಿದ್ದು! ಜಗತ್ತಿನ ಗಾಳಗಾರರೆಲ್ಲ ಹಾಡಿ ಹೊಗಳಿದ ಆ ಮೀನಿಗೆ ಶಾಸ್ತ್ರದಲ್ಲಿ ಸರಿಯಾದ ಹೆಸರೇ ಇರಲಿಲ್ಲ. ಎಲ್ಲ ಮಹಸೀರೂ ಒಂದೇ ಎಂದುಕೊಂಡು ನಮ್ಮ ನೀಲಿ ರೆಕ್ಕೆಯ ಖುದ್ರಿಯನ್ನು ಅದರ ಮಡುಗಳಿಗೆ ಬಿಟ್ಟರು.

ಕಾವೇರಿ ದಂಡೆಯ ಗಲಿಬೋರೆಯ ಗಾಳದ ಶಿಬಿರದಲ್ಲಿ ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಮತ್ತೆ ನೀರಿಗೆ ಬಿಡುತ್ತಿದ್ದರು. 1998ರಿಂದ 2012ರವರೆಗಿನ ಆ ದಾಖಲೆಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ವಿಜ್ಞಾನಿಗಳು ಬಿಡಿಸಿ ನೋಡಿದರು. ನೀಲಿ ರೆಕ್ಕೆಯವು ಏರುತ್ತಲೇ ಇದ್ದವು. ಡುಬ್ಬದ ಮೀನು ವರ್ಷ ವರ್ಷಕ್ಕೆ ಕಡಿಮೆ, ಸಿಕ್ಕದ್ದು ಮಾತ್ರ ಇನ್ನೂ ತೂಕದ್ದು. ಮುದಿ ಮೀನುಗಳಷ್ಟೇ ಉಳಿದಿದ್ದವು, ಮರಿಗಳಿರಲಿಲ್ಲ. 2018ರಲ್ಲಿ ಅದರ ಗುರುತು ಖಚಿತವಾಯಿತು: ಟಾರ್ ರೆಮದೇವಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಹೆಸರು ಸಿಕ್ಕ ವರ್ಷವೇ ಸಾವಿನ ಹೊಸ್ತಿಲು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಕಿವುಚಿದಂತಾಗುತ್ತದೆ.

ಮರಿ ಮಾಡುವುದನ್ನು ಕಲಿಸಿದಷ್ಟು ಶ್ರದ್ಧೆಯಿಂದ ನಾವು ಗುರುತು ಹಿಡಿಯುವುದನ್ನು ಕಲಿಸಲಿಲ್ಲ. ಅದಕ್ಕೇ ಮೀನು ವಿಜ್ಞಾನಿಗಳ ತರಬೇತಿ ಎಂದರೆ ನಾನು ಇಷ್ಟು ಹಠ ಹಿಡಿಯುವುದು. ಮುಂಬೈಯಲ್ಲಿ 1961ಕ್ಕೆ ಕೇಂದ್ರ ಮೀನುಗಾರಿಕೆ ಶಿಕ್ಷಣ ಸಂಸ್ಥೆ ಬಂತು, 1969ಕ್ಕೆ ನಮ್ಮ ಮಂಗಳೂರಿನಲ್ಲಿ ದೇಶದ ಮೊದಲ ಮೀನುಗಾರಿಕೆ ಕಾಲೇಜು, 1987ಕ್ಕೆ ತಣ್ಣೀರು ಮೀನಿಗೆಂದೇ ಸಂಸ್ಥೆ. ಒಳ್ಳೆಯ ಕಾರ್ಯಾಗಾರದಲ್ಲಿ ಮೀನನ್ನು ಅಂಗೈಯಲ್ಲಿಟ್ಟು ಪಕ್ಕದ ಗೆರೆಯ ಹುರುಪೆ ಎಣಿಸಬೇಕು, ಹುರುಪೆಯ ಉಂಗುರಗಳಲ್ಲಿ ವಯಸ್ಸು ಓದಬೇಕು, ಡಿಎನ್ಎ ಪರೀಕ್ಷೆಗೆಂದು ರೆಕ್ಕೆಯ ಚೂರು ಕತ್ತರಿಸಿ ಜೋಪಾನ ಮಾಡಬೇಕು. ಬರೀ ಪರದೆಯ ಮೇಲೆ ಚಿತ್ರ ತೋರಿಸಿದರೆ ಈ ವಿದ್ಯೆ ಕೈಗೆ ಹತ್ತದು.

ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಂತೂ ಕೆಲಸ ಬೇಕಾದಷ್ಟಿದೆ. ಮಲಪ್ರಭೆಗೆ ನವಿಲುತೀರ್ಥದಲ್ಲಿ, ಘಟಪ್ರಭೆಗೆ ಹಿಡಕಲ್‌ನಲ್ಲಿ, ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟು. ಹಿನ್ನೀರಿಗೆ ಬಿಡುವ ಕಾಟ್ಲಾ, ರೋಹು ಗಂಗೆಯ ಕಡೆಯ ಮೀನುಗಳು. ಅವು ಅಂಬಿಗರ ಹೊಟ್ಟೆ ಹೊರೆಯುತ್ತವೆ, ಬೇಡವೆನ್ನಲಾರೆ. ಆದರೆ ಹೊಳೆಯ ಹುಟ್ಟುಮೀನುಗಳ ಲೆಕ್ಕವನ್ನೂ ಯಾರಾದರೂ ಇಡಬೇಕಲ್ಲ?

ಬಾಗಲಕೋಟೆ, ಹುನಗುಂದ, ಇಳಕಲ್ಲಿನ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಕಲಿಸುವವರಿಗೆ, ಮೀನುಗಾರಿಕೆ ಇಲಾಖೆಯವರಿಗೆ ನನ್ನ ಬಿನ್ನಹ ಇಷ್ಟೇ. ಮುಂದಿನ ತರಬೇತಿಯನ್ನು ಕೂಡಲಸಂಗಮದ ದಂಡೆಯಲ್ಲಿ ನಡೆಸಿ. ಬಲೆ ಬೀಸುವ ಅಂಬಿಗರನ್ನು ಕಲಿಸುವವರ ಸಾಲಿನಲ್ಲಿ ಕೂರಿಸಿ. ಬಲೆಗೆ ಬಿದ್ದ ಒಂದೊಂದು ಮೀನಿಗೂ ಅವರು ಹೇಳುವ ಹೆಸರು, ಅದರ ಅಳತೆ, ಸಿಕ್ಕ ಮಡು, ಸಿಕ್ಕ ತಿಂಗಳು ಬರೆದಿಡಿ. ಹೊರಗಿನ ಮೀನು ಮರಿ ಬಿಡುವ ಮೊದಲು ಆ ದಾಖಲೆ ತೆಗೆದು ನೋಡಿ.