ಸಂಜೆಯ ವೋಲ್ಟೇಜು, ಸುಡುವ ಮೋಟಾರು

(ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹರೂಪ)

 

ನಮ್ಮ ಅಲೆವೂರಿರುವ ಉಡುಪಿ ಜಿಲ್ಲೆಯಲ್ಲೇ, ಕಾಪು ಕಡೆಯ ಎಲ್ಲೂರಿನಲ್ಲಿ, 1,200 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದೆ. ಹಾಗಿದ್ದೂ ಮಗ್ರಿಬ್ ಹೊತ್ತಿಗೆ ಮಸೀದಿಯ ಬೋರ್‌ವೆಲ್ ಪಂಪು ಏಳದೆ ಗುಂಯ್ ಎಂದರೆ ವುಜೂಗೆ ನೀರಿಲ್ಲ. "ಕರೆಂಟೇ ಇಲ್ಲ ಮಾರಾಯ್ರೆ" ಎನ್ನುತ್ತೇವೆ. ಕರೆಂಟು ಇದೆ, ಅದರ ಗುಣಮಟ್ಟ ಸರಿಯಿಲ್ಲ. ಸ್ಥಾವರ ಎಷ್ಟು ದೊಡ್ಡದಾದರೇನು, ಟಿ.ಸಿ.ಯಿಂದ ಕೊನೆಯ ಕಂಬದವರೆಗಿನ ತಂತಿಯಲ್ಲಿ ವೋಲ್ಟೇಜು ಸೋರಿದರೆ?

ಮೋಟಾರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 230 ಇರಬೇಕಾದಲ್ಲಿ 184 ಬಂದರೆ ವೋಲ್ಟೇಜು ಶೇ. 20 ಕಡಿಮೆ, ಆದರೆ ಬಲ ಶೇ. 36 ಕಡಿಮೆ. ಎತ್ತಬೇಕಾದ ನೀರು ಮಾತ್ರ ಅಷ್ಟೇ. ಆಗ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ, ವೈಂಡಿಂಗ್ ಕಾಯುತ್ತದೆ. ಸ್ಟಾರ್ಟರಿನ ರಿಲೇ ಪದೇ ಪದೇ ಬಿದ್ದರೆ ನಮ್ಮಲ್ಲಿ ಮಾಡುವುದೇನು? ಅದರ ಸೆಟ್ಟಿಂಗ್ ಏರಿಸಿಬಿಡುವುದು! ಕಾವಲುಗಾರನನ್ನು ಮಲಗಿಸಿದ ಹಾಗೆ. ಮೂರು ಫೇಸಿನಲ್ಲಿ ಒಂದು ಹೋದಾಗಲೂ ಇದೇ ಗತಿ. ಓಡುತ್ತಿರುವ ಮೋಟಾರು ನಿಲ್ಲದೆ ಎರಡೇ ಫೇಸಿನಲ್ಲಿ ಓಡಿ ಸುಟ್ಟುಹೋಗುತ್ತದೆ. ರಿವೈಂಡಿಂಗ್ ಖರ್ಚು ಜಮಾಅತಿನ ಚಂದಾ ಹಣದಿಂದಲೇ ಹೋಗಬೇಕಷ್ಟೆ.

ಇದರಲ್ಲಿ ನಮ್ಮ ಪಾಲೂ ಇದೆ. ಮೋಟಾರು ತನ್ನ ಕಾಂತಕ್ಷೇತ್ರಕ್ಕಾಗಿ ಕೆಲಸಕ್ಕೆ ಬಾರದ ಕರೆಂಟನ್ನೂ ದೂರದಿಂದ ಎಳೆಯುತ್ತದೆ. ಮೋಟಾರಿನ ಹತ್ತಿರವೇ ತಕ್ಕ ಕೆಪಾಸಿಟರ್ ಹಾಕಿದರೆ ಅದು ಅಲ್ಲೇ ಸಿಗುತ್ತದೆ. ಪವರ್ ಫ್ಯಾಕ್ಟರ್ 0.70ರಿಂದ 0.95ಕ್ಕೆ ಏರಿದರೆ, ಅದೇ ಕೆಲಸಕ್ಕೆ ತಂತಿಯ ಕರೆಂಟು ಕಾಲು ಭಾಗಕ್ಕಿಂತ ಹೆಚ್ಚು ಇಳಿದು, ತಂತಿಯಲ್ಲಿ ಆ ಕರೆಂಟಿನಿಂದಾಗುವ ನಷ್ಟ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಪಕ್ಕದ ಅಡಿಕೆ ತೋಟದವರ ಪಂಪಿಗೂ ಸ್ವಲ್ಪ ವೋಲ್ಟೇಜು ಉಳಿಯುತ್ತದೆ. ನೆರೆಯವರ ಹಕ್ಕಿನ ಬಗ್ಗೆ ನಾವು ಬಹಳ ಮಾತಾಡುತ್ತೇವೆ, ಇದೂ ಅದರಲ್ಲಿ ಸೇರಲಿ. ಆದರೆ ಮನೆಯ ಪ್ಲಗ್ಗಿಗೆ ಸಿಕ್ಕಿಸಿ "ಬಿಲ್ಲು ಅರ್ಧ" ಎಂದು ಮಾರುವ ಪೆಟ್ಟಿಗೆಗೆ ದುಡ್ಡು ಕೊಡಬೇಡಿ. ಮನೆಯ ಮೀಟರು ಲೆಕ್ಕ ಹಾಕುವುದು ಯೂನಿಟ್ಟನ್ನು. ಅಲ್ಲಿ ಕೆಪಾಸಿಟರಿನಿಂದ ಬಿಲ್ಲು ಇಳಿಯದು.

ಈಗ ಎಲ್ಲೆಡೆ ವೇಗ ಬದಲಿಸುವ ಡ್ರೈವ್‌ಗಳು ಬಂದಿವೆ. ಫ್ಯಾನಿನ ವೇಗವನ್ನು ಶೇ. 80ಕ್ಕೆ ಇಳಿಸಿದರೆ ಬೇಕಾಗುವ ಶಕ್ತಿ ಸುಮಾರು ಅರ್ಧ. ಆಳದ ಬೋರ್‌ವೆಲ್ಲಿನಲ್ಲಿ ಇಷ್ಟು ಉಳಿತಾಯ ಸಿಗದು, ನೀರನ್ನು ಅಷ್ಟು ಎತ್ತರಕ್ಕೆ ತರಲೇಬೇಕಲ್ಲ. ಡ್ರೈವ್ ಎಳೆಯುವ ಕರೆಂಟು ನಯವಾದ ಅಲೆಯಲ್ಲ, ತುಂಡು ತುಂಡು. ಸಾಮಾನ್ಯ ತ್ರೀಫೇಸ್ ಡ್ರೈವಿನಲ್ಲಿ 50 ಹರ್ಟ್ಸ್ ಜೊತೆಗೆ 250, 350 ಹರ್ಟ್ಸಿನ ಹಾರ್ಮೋನಿಕ್‌ಗಳೂ ಹುಟ್ಟಿ ಟಿ.ಸಿ.ಯನ್ನೂ ಕೆಪಾಸಿಟರನ್ನೂ ಕಾಯಿಸುತ್ತವೆ. ಡ್ರೈವಿನ ಮುಂದೆ ಚೋಕ್, ದೊಡ್ಡ ಕಾರ್ಖಾನೆಯಾದರೆ ಫಿಲ್ಟರ್ ಬೇಕು. ಡ್ರೈವಿಗೂ ಮೋಟಾರಿಗೂ ನಡುವೆ ಮಾತ್ರ ಕೆಪಾಸಿಟರ್ ಇಡಲೇಬಾರದು, ಡ್ರೈವೇ ಹೋಗುತ್ತದೆ.

ಡಿಪ್ಲೊಮಾ, ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಒಂದು ಕೆಲಸ. 1956ರ ವಿದ್ಯುಚ್ಛಕ್ತಿ ನಿಯಮಗಳ ಕಾಲದಿಂದಲೂ ಇಂಥ ಲೈನಿಗೆ ಶೇ. 6ರ ಏರುಪೇರಿನ ಮಿತಿಯ ಲೆಕ್ಕವಿದೆ, ಅಂದರೆ 216ರಿಂದ 244 ವೋಲ್ಟ್. ಟಿ.ಸಿ. ಹತ್ತಿರದ ಒಂದು ಮನೆ, ಲೈನಿನ ಕೊನೆಯ ಒಂದು ಮನೆ ಆರಿಸಿ, ಬಲ್ಲವರನ್ನು ಜೊತೆಗಿಟ್ಟುಕೊಂಡು ಒಂದು ತಿಂಗಳು ಸಂಜೆ 6, 7, 8 ಗಂಟೆಗೆ ವೋಲ್ಟೇಜು ಅಳೆದು ಬರೆದಿಡಿ. ಮೆಸ್ಕಾಂ ಕಚೇರಿಗೆ "ಕರೆಂಟು ಸರಿಯಿಲ್ಲ" ಎಂಬ ಅರ್ಜಿಯ ಬದಲು ಆ ಪಟ್ಟಿಯನ್ನೇ ಕೊಡೋಣ.